ಪಾಸ್‌ಬುಕ್ಕಿನಲ್ಲಿ ಸೋರಿಹೋಗುವ ದುಡ್ಡು



ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಡುವವರು ನಾವು. ತಿಂಗಳ ಕೊನೆಗೆ ಅರ್ಧ ಲೀಟರು ಹೆಚ್ಚುಕಡಿಮೆ ಬಂದರೂ ಬಿಡುವುದಿಲ್ಲ. ಸೊಪ್ಪು ಮಾರುವವಳ ಹತ್ತಿರ ಒಂದು ಕಟ್ಟು ಕೊತ್ತಂಬರಿಗೆ ಎರಡು ರೂಪಾಯಿ ಚೌಕಾಶಿ ಮಾಡದೆ ಬುಟ್ಟಿ ಇಳಿಸಗೊಡುವುದಿಲ್ಲ. ಆದರೆ ಬ್ಯಾಂಕಿನ ಪಾಸ್‌ಬುಕ್ ಮಾತ್ರ ಬೀರುವಿನಲ್ಲಿ, ರೇಷ್ಮೆ ಸೀರೆಯ ಕೆಳಗೆ, ವರ್ಷಗಟ್ಟಲೆ ತೆಪ್ಪಗೆ ಮಲಗಿರುತ್ತದೆ. ಬ್ಯಾಂಕಿನವರ ಲೆಕ್ಕ ತಪ್ಪುವುದುಂಟೆ ಎಂಬ ನಂಬಿಕೆ ನಮ್ಮದು. ತಪ್ಪುವುದುಂಟು. ಲೆಕ್ಕ ಸರಿಯಾಗಿದ್ದರೂ ನಿಯಮ ತಪ್ಪಿರುವುದು ಇನ್ನೂ ಉಂಟು. ಈ ಸಲ ಅಡಿಗೆಮನೆಯ ಮಾತನ್ನು ಸ್ವಲ್ಪ ಬದಿಗಿಟ್ಟು ಇದನ್ನೇ ವಿಚಾರಿಸೋಣ.

ತಲಕಾಡಿನ ಗೃಹಿಣಿಯೊಬ್ಬರು ಬರೆದ ಕಾಗದ ನನ್ನ ಮುಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. "ಅಕ್ಕಾ, ಗೃಹಲಕ್ಷ್ಮಿ ದುಡ್ಡು ಬಂದಾಗಲೆಲ್ಲ ಮುನ್ನೂರು, ನಾನೂರು ಖಾತೆಯಲ್ಲೇ ಬಿಡ್ತಿದ್ದೆ. ಮಗಳನ್ನ ಪಿಯುಸಿಗೆ ಸೇರಿಸೋ ಹೊತ್ತಿಗೆ ಆಗುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಇಟ್ಟಿದ್ದೆ. ಹೋದ ತಿಂಗಳು ಪಾಸ್‌ಬುಕ್ ಹಾಕಿಸಿದರೆ ಏಳುನೂರು ಚಿಲ್ಲರೆ ಕಮ್ಮಿ! ಮನೆಯಲ್ಲಿ 'ತವರಿಗೆ ಕಳಿಸಿರ್ತೀಯ' ಅಂದರು. ಬ್ಯಾಂಕಿನಲ್ಲಿ ಕೇಳಿದರೆ 'ಅದು ಚಾರ್ಜು ಕಣಮ್ಮ, ಕಂಪ್ಯೂಟರೇ ಹಿಡ್ಕೊಳುತ್ತೆ, ನಮ್ಮ ಕೈಯಲ್ಲಿಲ್ಲ' ಅಂದರು. ನಾನು ಯಾರ ಹತ್ತಿರ ಹೇಳಿಕೊಳ್ಳಲಿ?"

ಏಳುನೂರು ರೂಪಾಯಿಗಿಂತ ಆ ತವರಿನ ಮಾತೇ ಇವರಿಗೆ ಹೆಚ್ಚು ಚುಚ್ಚಿದೆ. ಹೌದಲ್ಲವೆ? ಖಾತೆಯಿಂದ ಹೇಳದೆ ಕೇಳದೆ ದುಡ್ಡು ಹೋದರೆ ಬ್ಯಾಂಕಿನ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಮನೆಯ ಹೆಂಗಸಿನ ಮೇಲೆ ಪಡುತ್ತಾರೆ. ಅದಕ್ಕೇ ಈ ಚಿಲ್ಲರೆ ಲೆಕ್ಕ ಚಿಲ್ಲರೆಯಲ್ಲ. ತಲಕಾಡಿನವರಿಗೆ ನಾನು ಬಿಡಿಸಿ ಹೇಳಬೇಕೆ? ನಿಮ್ಮೂರಿನ ದೇವಸ್ಥಾನಗಳು ಒಂದೇ ರಾತ್ರಿಯಲ್ಲಿ ಮರಳಿನಲ್ಲಿ ಹೂತುಹೋದವೆ? ಗಾಳಿ ಕಣಕಣವಾಗಿ ತಂದು ಹಾಕಿತು. ಉಳಿತಾಯ ಕರಗುವುದೂ ಹಾಗೇ, ಹದಿನೇಳು ರೂಪಾಯಿ, ಇಪ್ಪತ್ತಮೂರು ರೂಪಾಯಿ, ಐವತ್ತೊಂಬತ್ತು ರೂಪಾಯಿ.

ಸಮಾಧಾನದ ಮಾತೊಂದಿದೆ. ಬ್ಯಾಂಕು ಯಾವಾಗ ಹಣ ಹಿಡಿಯಬಹುದು, ಯಾವಾಗ ಹಿಡಿಯಕೂಡದು ಎಂಬುದಕ್ಕೆ ರಿಸರ್ವ್ ಬ್ಯಾಂಕು ಬರೆದ ನಿಯಮಗಳಿವೆ. ಆ ನಿಯಮ ಮೀರಿ ಹಿಡಿದಿದ್ದರೆ ವಾಪಸು ಕೇಳಬಹುದು. ಆದರೆ ಬಾಯಲ್ಲಿ ಕೇಳಿದರೆ ಸಾಲದು, ಬರೆದು ಕೇಳಬೇಕು.

ಮೊದಲು ಪಾಸ್‌ಬುಕ್ ಓದಿ

ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪೂರ್ತಿ ಪ್ರಿಂಟು ಹಾಕಿಸಿಕೊಂಡು ಬನ್ನಿ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದು ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ನೀವೇ ತೆಗೆದ ಹಣಕ್ಕೆ ಒಂದು ಗೀಟು ಹಾಕಿ. ನಿಮಗೆ ಗೊತ್ತಿಲ್ಲದೆ ಕಳೆದ ಹಣಕ್ಕೆ ಒಂದು ಸೊನ್ನೆ ಸುತ್ತಿ. ಸೊನ್ನೆ ಸುತ್ತಿದ ಕಡೆ ಏನು ಬರೆದಿದೆ ನೋಡಿ. ಮಿನಿಮಮ್ ಬ್ಯಾಲೆನ್ಸ್, ಎಂಎಬಿ, ಎಸ್‌ಎಂಎಸ್ ಚಾರ್ಜ್, ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ, ಜಿಎಸ್‌ಟಿ ಹೀಗೆ ಏನಾದರೊಂದು ಇರುತ್ತದೆ. ಅರ್ಥವಾಗದ ಮೂರಕ್ಷರ ಇದ್ದರೆ ನಾಚಿಕೆ ಬೇಡ, ಕೌಂಟರಿನಲ್ಲಿ "ಇದು ಏನು ಸಾರ್, ಕನ್ನಡದಲ್ಲಿ ಹೇಳಿ" ಎಂದು ಕೇಳಿ. ಪಾಸ್‌ಬುಕ್ಕಿನಲ್ಲಿ ಪ್ರತಿ ವ್ಯವಹಾರದ ವಿವರ ಗ್ರಾಹಕರಿಗೆ ತಿಳಿಯುವಂತೆ ಇರಬೇಕೆಂದು ರಿಸರ್ವ್ ಬ್ಯಾಂಕು 2017ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಬರೆದು ಹೇಳಿದೆ.

ಒಂದು ಎಚ್ಚರಿಕೆ. 20 ರೂಪಾಯಿ, 436 ರೂಪಾಯಿ ಎಂದು ಮೇ ಕೊನೆಯಲ್ಲಿ ಕಳೆದಿದ್ದರೆ ಅದು ಬ್ಯಾಂಕಿನ ಚಾರ್ಜು ಅಲ್ಲ, ವಿಮೆಯ ಕಂತು. 20 ರೂಪಾಯಿಯದು ಅಪಘಾತ ವಿಮೆ, 436 ರೂಪಾಯಿಯದು ಜೀವ ವಿಮೆ. ಎರಡೂ 2015ರಲ್ಲಿ ಶುರುವಾದ ಕೇಂದ್ರ ಸರಕಾರದ ಯೋಜನೆಗಳು, ಎರಡರಲ್ಲೂ 2 ಲಕ್ಷ ರೂಪಾಯಿಯ ರಕ್ಷಣೆ ಇದೆ. ನೀವು ಸಹಿ ಹಾಕದೆ ಸೇರಿಸಿದ್ದರೆ ಕೇಳುವ ಹಕ್ಕು ನಿಮಗಿದೆ. ಆದರೆ ಸಿಟ್ಟಿನಲ್ಲಿ ನಿಲ್ಲಿಸಿಬಿಡಬೇಡಿ, ಮನೆಯಲ್ಲಿ ಮಾತಾಡಿ ನೋಡಿ.

ಯಾವುದು ಸರಿ, ಯಾವುದು ತಪ್ಪು

ಎಲ್ಲ ಚಾರ್ಜೂ ಅನ್ಯಾಯವಲ್ಲ. ಎಟಿಎಂನಲ್ಲಿ ಸ್ವಂತ ಬ್ಯಾಂಕಿನದಾದರೆ ತಿಂಗಳಿಗೆ 5 ಸಲ, ನಮ್ಮಂಥ ಊರುಗಳಲ್ಲಿ ಬೇರೆ ಬ್ಯಾಂಕಿನದಾದರೂ 5 ಸಲ ಉಚಿತ. ಅದು ಮೀರಿದರೆ ಒಂದು ಸಲಕ್ಕೆ 23 ರೂಪಾಯಿವರೆಗೆ, ಅದರ ಮೇಲೆ ತೆರಿಗೆ ಹಿಡಿಯಬಹುದು. 2025ರ ಮೇ 1ರಿಂದ ಬಂದ ದರ ಇದು. ಆದ್ದರಿಂದ ನೂರು, ಇನ್ನೂರು ಎಂದು ಹತ್ತು ಸಲ ಓಡಾಡಬೇಡಿ. ಆದರೆ ಯಂತ್ರದಲ್ಲಿ ದುಡ್ಡಿಲ್ಲದೆ ಅಥವಾ ಯಂತ್ರ ಕೆಟ್ಟು ನೀವು ಬರಿಗೈಯಲ್ಲಿ ಬಂದಿದ್ದರೆ, ಅದನ್ನು ಆ 5ರಲ್ಲಿ ಎಣಿಸುವ ಹಾಗಿಲ್ಲ. 2019ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಇದನ್ನು ಸ್ಪಷ್ಟ ಮಾಡಿದೆ.

ಇನ್ನು ಕೈಗೆ ನೋಟು ಬಾರದೆ ಖಾತೆಯಲ್ಲಿ ಮಾತ್ರ ಹಣ ಕಳೆದುಹೋಗಿದ್ದರೆ? ಆ ದಿನ ಬಿಟ್ಟು 5 ದಿನದೊಳಗೆ ಬ್ಯಾಂಕೇ ವಾಪಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು, ಅದೂ ನೀವು ಕೇಳದೆಯೇ. ಇದು 2019ರ ಸೆಪ್ಟೆಂಬರ್ 20ರ ಆದೇಶ. ಎಷ್ಟು ಜನರಿಗೆ ಇದು ಗೊತ್ತು, ಹೇಳಿ?

ಈಗ ಮಿನಿಮಮ್ ಬ್ಯಾಲೆನ್ಸಿನ ವಿಚಾರ. ನಮ್ಮ ತಲಕಾಡಿನ ಸೋದರಿಯ ಪಾಸ್‌ಬುಕ್ಕಿನ ದೊಡ್ಡ ತೂತು ಇದೇ. ಸಾಧಾರಣ ಉಳಿತಾಯ ಖಾತೆಯಲ್ಲಿ ಕನಿಷ್ಠ ಇಷ್ಟು ಹಣ ಇರಬೇಕೆಂದು ಬ್ಯಾಂಕು ಗೊತ್ತುಮಾಡಬಹುದು, ಇಲ್ಲದಿದ್ದರೆ ದಂಡ ಹಾಕಬಹುದು. ಆದರೆ ಮನಸ್ಸಿಗೆ ಬಂದ ಹಾಗಲ್ಲ. 2014ರ ನವೆಂಬರ್ 20ರಂದು ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮ ನಾಲ್ಕು ಮಾತು ಹೇಳುತ್ತದೆ.

ಒಂದು: ಹಣ ಕಡಿಮೆಯಾಗಿದೆ ಎಂದು ಮೊದಲು ಎಸ್‌ಎಂಎಸ್, ಈಮೇಲ್ ಅಥವಾ ಕಾಗದದ ಮೂಲಕ ನಿಮಗೆ ತಿಳಿಸಬೇಕು.

ಎರಡು: ತುಂಬಿಸಲು ಕನಿಷ್ಠ ಒಂದು ತಿಂಗಳು ಅವಕಾಶ ಕೊಡಬೇಕು.

ಮೂರು: ದಂಡ ಕೊರತೆಗೆ ತಕ್ಕಷ್ಟೇ ಇರಬೇಕು. ನೂರು ರೂಪಾಯಿ ಕಡಿಮೆ ಇದ್ದವರಿಗೂ ಸಾವಿರ ಕಡಿಮೆ ಇದ್ದವರಿಗೂ ಒಂದೇ ದಂಡ ಹಾಕಕೂಡದು.

ನಾಲ್ಕು: ದಂಡ ಹಿಡಿದು ಹಿಡಿದು ಖಾತೆಯನ್ನು ಸೊನ್ನೆಗಿಂತ ಕೆಳಗೆ, ಮೈನಸ್ಸಿಗೆ ಇಳಿಸಕೂಡದು.

ಎರಡು ವರ್ಷ ಮೀರಿ ವ್ಯವಹಾರವಿಲ್ಲದೆ ನಿಂತುಹೋದ ಖಾತೆಗಂತೂ ಈ ದಂಡವೇ ಇಲ್ಲ, ಅದನ್ನು ಮತ್ತೆ ಚಾಲೂ ಮಾಡಿಸಲೂ ಶುಲ್ಕವಿಲ್ಲ. ಎಸ್‌ಎಂಎಸ್ ಚಾರ್ಜೂ ಅಷ್ಟೆ. ಕಳಿಸಿದ ಎಸ್‌ಎಂಎಸ್ ಎಷ್ಟೋ ಅಷ್ಟಕ್ಕೇ ಹಿಡಿಯಬೇಕೆಂದು 2013ರ ನವೆಂಬರ್‌ನಲ್ಲೇ ಹೇಳಿದೆ. ಮೂರು ತಿಂಗಳು ಒಂದೂ ಸಂದೇಶ ಬಾರದವರಿಗೂ ಒಂದೇ ಮೊತ್ತ ಹಿಡಿದಿದ್ದರೆ ಏತಕ್ಕೆ ಎಂದು ಕೇಳಿ.

ಮೈಸೂರು ಸೀಮೆಯವರು ಕಂಡ ಬದಲಾವಣೆ

"ನಾವು ಮೊದಲಿಂದಲೂ ಅದೇ ಬ್ಯಾಂಕಿನಲ್ಲಿ ಇದ್ದೀವಲ್ಲ, ಆಗ ಇಲ್ಲದ ಚಾರ್ಜು ಈಗೇಕೆ?" ಎಂದು ನಮ್ಮ ಕಡೆಯ ಹಿರಿಯ ಹೆಂಗಸರು ಕೇಳುವುದುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಲ್ಲಿ, ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಮೈಸೂರು ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಅದೇ ದಿನದಿಂದ ಆ ದೊಡ್ಡ ಬ್ಯಾಂಕು, 2012ರಲ್ಲಿ ತಾನೇ ಕೈಬಿಟ್ಟಿದ್ದ ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ಮತ್ತೆ ತಂದಿತು. ಹಳ್ಳಿಯ ಶಾಖೆಗಳಲ್ಲೂ 1,000 ರೂಪಾಯಿ ಇರಬೇಕೆಂದಾಯಿತು. ಆ ವರ್ಷ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹೀಗೆ ಕೂಡಿದ ದಂಡ ಎಷ್ಟು ಗೊತ್ತೆ? 1,771 ಕೋಟಿ ರೂಪಾಯಿ! ದೇಶದಲ್ಲೆಲ್ಲ ಗದ್ದಲವಾಯಿತು. 2018ರ ಏಪ್ರಿಲ್‌ನಿಂದ ದಂಡ ಇಳಿಸಿದರು, 2020ರ ಮಾರ್ಚ್‌ನಲ್ಲಿ ಉಳಿತಾಯ ಖಾತೆಗಳಿಗೆ ಅದನ್ನು ತೆಗೆದೇ ಹಾಕಿದರು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ತೆಗೆಯಿತು.

ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಹೀಗೇ ಕೂಡಿಕೊಂಡವು. ಬೋರ್ಡು ಬದಲಾದಾಗ ಚಾರ್ಜಿನ ಪಟ್ಟಿಯೂ ಬದಲಾಗಿರುತ್ತದೆ. ಆದ್ದರಿಂದ "ನನ್ನದು ಈಗ ಯಾವ ತರಹದ ಖಾತೆ? ಇದಕ್ಕೆ ಏನೇನು ಚಾರ್ಜು?" ಎಂದು ಒಂದು ಸಲ ವಿಚಾರಿಸಿಕೊಂಡು ಬರುವುದು ಒಳ್ಳೆಯದು.

ವಾಪಸು ಬಂದದ್ದೂ ಉಂಟು

"ಬ್ಯಾಂಕು ಹಿಡಿದ ದುಡ್ಡು ತಿರುಗಿ ಬರುತ್ತದೆಯೆ?" ಎನ್ನುವವರಿಗೆ ಇದೊಂದು ಉದಾಹರಣೆ. ಜನಧನ್ ಮುಂತಾದ ಮೂಲ ಉಳಿತಾಯ ಖಾತೆಗಳಲ್ಲಿ ತಿಂಗಳಿಗೆ 4 ಸಲಕ್ಕಿಂತ ಹೆಚ್ಚು ಹಣ ಹೋದರೆ, ಪ್ರತಿ ಸಲಕ್ಕೂ ಸ್ಟೇಟ್ ಬ್ಯಾಂಕು 17 ರೂಪಾಯಿ 70 ಪೈಸೆ ಹಿಡಿಯುತ್ತಿತ್ತು. 15 ರೂಪಾಯಿ ಚಾರ್ಜು, ಉಳಿದದ್ದು ತೆರಿಗೆ. ಅಂಗಡಿಯಲ್ಲಿ ಫೋನಿನಿಂದ ಐವತ್ತು ರೂಪಾಯಿ ಕೊಟ್ಟರೂ ಅದರ ಮೇಲೆ ಈ 17.70! ಹೀಗೆ ರುಪೇ ಕಾರ್ಡು, ಯುಪಿಐ ಮೂಲಕ ಮಾಡಿದ ಪಾವತಿಗೆ 2020ರ ಜನವರಿ 1ರ ನಂತರ ಹಿಡಿದ ಹಣವನ್ನು ವಾಪಸು ಕೊಡಿ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2020ರ ಆಗಸ್ಟ್ 30ರಂದು ಬ್ಯಾಂಕುಗಳಿಗೆ ಹೇಳಿತು. ಮುಂಬಯಿ ಐಐಟಿಯ ಪ್ರೊಫೆಸರ್ ಆಶಿಶ್ ದಾಸ್ ಅವರು 2021ರಲ್ಲಿ ಬರೆದ ವರದಿಯ ಪ್ರಕಾರ, 2017ರ ಏಪ್ರಿಲ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಇಂಥ ಪಾವತಿಗಳಿಂದ ಕೂಡಿದ್ದು 254 ಕೋಟಿಗೂ ಹೆಚ್ಚು. ವಾಪಸು ಬಂದದ್ದು 90 ಕೋಟಿ, ಉಳಿದದ್ದು 164 ಕೋಟಿ. ಬಡವರ ಖಾತೆಗೆ 90 ಕೋಟಿ ಬಂತಲ್ಲ ಎಂದು ಸಂತೋಷಪಡಬೇಕು. ಯಾರೋ ಒಬ್ಬರು ಪೆನ್ಸಿಲು ಹಿಡಿದು ಲೆಕ್ಕ ಹಾಕಿ ಪಟ್ಟು ಹಿಡಿದರೆ ಆಗುವ ಕೆಲಸ ಇದು.

ಬರೆದು ಕೇಳುವ ಬಗೆ

ಬ್ರಿಟನ್ನಿನಲ್ಲಿ 2006, 2007ರ ಸುಮಾರಿಗೆ ಖಾತೆದಾರರು ಗುಂಪುಗುಂಪಾಗಿ ಬ್ಯಾಂಕುಗಳಿಗೆ ಕಾಗದ ಬರೆದು, ಹಿಡಿದ ಚಾರ್ಜನ್ನು ವಾಪಸು ಪಡೆದರು. ಆದರೆ 2009ರ ನವೆಂಬರ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಆ ಚಾರ್ಜಿನ ಮೊತ್ತ ಹೆಚ್ಚಾಯಿತೆ ಎಂದು ಅಳೆಯುವುದು ಅಲ್ಲಿನ ವ್ಯಾಪಾರ ತನಿಖಾ ಕಚೇರಿಯ ಅಧಿಕಾರಕ್ಕೆ ಬರುವುದಿಲ್ಲ ಎಂದುಬಿಟ್ಟಿತು. ನಾವು ಕಲಿಯುವ ಪಾಠ ಇಷ್ಟು: "ಚಾರ್ಜು ಜಾಸ್ತಿಯಾಯಿತು, ನಾವು ಬಡವರು" ಎಂದು ಬರೆದರೆ ಕೆಲಸ ಕೆಡುತ್ತದೆ. "ಇಂಥ ನಿಯಮದಂತೆ ನನಗೆ ಮೊದಲು ತಿಳಿಸಬೇಕಿತ್ತು, ತಿಳಿಸಿಲ್ಲ" ಎಂದು ಬರೆದರೆ ಅವರು ಉತ್ತರ ಕೊಡಲೇಬೇಕು. ಕಣ್ಣೀರು ಬೇಡ, ತಾರೀಖು ಬೇಕು.

ಕಾಗದ ಹೀಗಿರಲಿ:

"ಶಾಖಾ ವ್ಯವಸ್ಥಾಪಕರಿಗೆ,

ನನ್ನ ಉಳಿತಾಯ ಖಾತೆಯಿಂದ (ಇಲ್ಲಿ ಖಾತೆಯ ನಂಬರು) ಈ ಕೆಳಗಿನ ತಾರೀಖುಗಳಲ್ಲಿ ಹಣ ಕಳೆಯಲಾಗಿದೆ (ತಾರೀಖು, ಮೊತ್ತ, ಪಾಸ್‌ಬುಕ್ಕಿನಲ್ಲಿ ಇರುವ ಹೆಸರು). ಕನಿಷ್ಠ ಮೊತ್ತ ಕಡಿಮೆಯಾಗಿದೆ ಎಂದು ನನಗೆ ಯಾವ ಸೂಚನೆಯೂ ಬಂದಿಲ್ಲ, ಒಂದು ತಿಂಗಳ ಅವಕಾಶವೂ ಸಿಕ್ಕಿಲ್ಲ. ಇದು ರಿಸರ್ವ್ ಬ್ಯಾಂಕಿನ 20-11-2014ರ ಸುತ್ತೋಲೆಗೆ ವಿರುದ್ಧ. ಸೂಚನೆ ಕಳಿಸಿದ್ದರೆ ಅದರ ಪ್ರತಿ ಕೊಡಿ. ಇಲ್ಲದಿದ್ದರೆ ತೆರಿಗೆ ಸಹಿತ ಹಣವನ್ನು ನನ್ನ ಖಾತೆಗೆ ಜಮಾ ಮಾಡಿ, ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಬರೆಯಿರಿ. ಪಾಸ್‌ಬುಕ್ಕಿನ ಆ ಪುಟಗಳ ಜೆರಾಕ್ಸ್ ಲಗತ್ತಿಸಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. "ಬಿಟ್ಟು ಹೋಗಮ್ಮಾ, ನೋಡ್ತೀವಿ" ಎಂದರೆ ನಗುನಗುತ್ತಲೇ "ಒಂದು ಸೀಲು ಹಾಕಿಕೊಡಿ ಸಾರ್, ಮನೆಯಲ್ಲಿ ಕೇಳ್ತಾರೆ" ಎನ್ನಿ. ಹಾಕಿಕೊಡದಿದ್ದರೆ ರಿಜಿಸ್ಟರ್ಡ್ ಪೋಸ್ಟಿನ ಸೌಲಭ್ಯ ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಜೋಪಾನವಾಗಿಡಿ. ಕೌಂಟರಿನಲ್ಲಿ ಕೂತವರ ಮೇಲೆ ರೇಗಬೇಡಿ. ಚಾರ್ಜು ಗೊತ್ತುಮಾಡಿದವರು ಅವರಲ್ಲ. ಅವರ ಮನೆಯಲ್ಲೂ ಇಂಥದೇ ಪಾಸ್‌ಬುಕ್ ಇರುತ್ತದೆ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 1995ರಿಂದ ಇರುವ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ಇಡೀ ದೇಶಕ್ಕೆ ಒಂದೇ ಎಂದು ಕೂಡಿಸಿದರು. ಶುಲ್ಕವಿಲ್ಲ, ವಕೀಲರು ಬೇಡ. ಕನ್ನಡದಲ್ಲೇ ಬರೆದು ಕಳಿಸಬಹುದು. ವಿಳಾಸ: ಸೆಂಟ್ರಲೈಸ್ಡ್ ರಿಸೀಟ್ ಅಂಡ್ ಪ್ರೊಸೆಸಿಂಗ್ ಸೆಂಟರ್, ಭಾರತೀಯ ರಿಸರ್ವ್ ಬ್ಯಾಂಕ್, 4ನೆಯ ಮಹಡಿ, ಸೆಕ್ಟರ್ 17, ಚಂಡೀಗಢ 160017. ಅನುಮಾನ ಇದ್ದರೆ 14448ಕ್ಕೆ ಫೋನು ಮಾಡಿ ಕೇಳಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ರಿಸರ್ವ್ ಬ್ಯಾಂಕಿನ ದೂರಿನ ಪುಟದಲ್ಲಿ ಅವರ ಕೈಯಲ್ಲೇ ತುಂಬಿಸಿ. ಆದರೆ ಮೊದಲು ಬ್ಯಾಂಕಿಗೆ ಬರೆದು ಕೊಟ್ಟಿರಲೇಬೇಕು, ಆ ಸೀಲು ಹಾಕಿದ ಪ್ರತಿ ಇಲ್ಲಿ ಬೇಕಾಗುತ್ತದೆ. ತಿಂಗಳುಗಟ್ಟಲೆ ತಡ ಮಾಡಬೇಡಿ.

ಜೋಪಾನ, ಒಂದು ಮಾತು. ಒಂಬುಡ್ಸ್‌ಮನ್ ಕಚೇರಿಯಿಂದ ಎಂದು ಹೇಳಿಕೊಂಡು ಯಾರಾದರೂ ಫೋನು ಮಾಡಿ ಒಟಿಪಿ, ಎಟಿಎಂ ಪಿನ್ನು ಕೇಳಿದರೆ ಫೋನು ಇಟ್ಟುಬಿಡಿ. ಹಣ ವಾಪಸು ಹಾಕಲು ಯಾರಿಗೂ ನಿಮ್ಮ ಪಿನ್ನು ಬೇಕಾಗುವುದಿಲ್ಲ.

ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಹಣ ಇಟ್ಟವರಿಗೆ ಈ ದಾರಿ ಇಲ್ಲ. ಅದು ಬ್ಯಾಂಕಲ್ಲ, ಅದರ ತಕರಾರನ್ನು ಸಹಕಾರ ಇಲಾಖೆಗೆ ಒಯ್ಯಬೇಕು. ಬ್ಯಾಂಕಿನ ವಿಚಾರದಲ್ಲಿ ಇನ್ನೂ ಹಟ ಹಿಡಿಯುವವರಿಗೆ ಮೈಸೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ವಿಚಾರಿಸಲು ಗ್ರಾಹಕರ ಸಹಾಯವಾಣಿ 1915.

ಮುಂದೆ ಸೋರದ ಹಾಗೆ

ಹೋದದ್ದನ್ನು ಕೇಳಿದಿರಿ, ಮುಂದೆ ಹೋಗದ ಹಾಗೆ ಮಾಡಬೇಡವೆ? ಯಾವ ಬ್ಯಾಂಕಿನಲ್ಲಾದರೂ ಮೂಲ ಉಳಿತಾಯ ಖಾತೆ ಎಂಬುದೊಂದು ಇದ್ದೇ ಇರುತ್ತದೆ. 2005ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 2012ರಲ್ಲಿ ಈ ರೂಪಕ್ಕೆ ಬಂತು. 2014ರ ಆಗಸ್ಟ್ 28ರಿಂದ ತೆರೆದ ಜನಧನ್ ಖಾತೆಗಳೂ ಇದೇ ಜಾತಿಯವು. ಇದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ. ಹಣ ಕಟ್ಟಲು ಲೆಕ್ಕವಿಲ್ಲ, ತಿಂಗಳಿಗೆ ಕನಿಷ್ಠ 4 ಸಲ ತೆಗೆಯಲು ಶುಲ್ಕವಿಲ್ಲ. ಇರುವ ಖಾತೆಯನ್ನೇ ಇದಕ್ಕೆ ಬದಲಾಯಿಸಿಕೊಡಿ ಎಂದು ಬರೆದು ಕೊಡಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ.

2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಚಾಲನೆಯಾದ ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ. ಆದ್ದರಿಂದ ಸಿಟ್ಟಿನಲ್ಲಿ ಆ ಖಾತೆಯನ್ನು ಮುಚ್ಚಿಸಬೇಡಿ. ಮುಚ್ಚುವುದಾದರೆ ಮೊದಲು ಇನ್ನೊಂದಕ್ಕೆ ಆಧಾರ್ ಜೋಡಿಸಿ, ದುಡ್ಡು ಅಲ್ಲಿಗೆ ಬಂದುದನ್ನು ಕಣ್ಣಾರೆ ನೋಡಿ, ಆಮೇಲೆ ಮುಚ್ಚಿ. ಬ್ಯಾಂಕಿನಲ್ಲಿ ಕೊಟ್ಟ ಫೋನ್ ನಂಬರು ನಿಮ್ಮದೇ ಇರಲಿ. ಮಗನದೋ ಮೈದುನನದೋ ನಂಬರು ಕೊಟ್ಟಿದ್ದರೆ ಬ್ಯಾಂಕು ಸೂಚನೆ ಕಳಿಸಿಯೇ ಇರುತ್ತದೆ, ನಿಮ್ಮ ಕಿವಿಗೆ ಬಿದ್ದಿರುವುದಿಲ್ಲ. ಆಗ ನಿಮ್ಮ ಕಾಗದಕ್ಕೆ ಬಲ ಇರುವುದಿಲ್ಲ.

ಮೂರು ತಿಂಗಳಿಗೊಮ್ಮೆ, ಸಂತೆಗೆ ಹೋದ ದಿನವೇ ಆಗಲಿ, ಪಾಸ್‌ಬುಕ್ ಹಾಕಿಸಿ. ಮನೆಗೆ ಬಂದು ಯಜಮಾನರ ಎದುರಿಗೇ ಬಿಚ್ಚಿ ಓದಿ. "ಇಗೋ ಇಷ್ಟು ಬಂತು, ಇಷ್ಟು ತೆಗೆದೆ, ಇಷ್ಟನ್ನು ಬ್ಯಾಂಕಿನವರು ಹಿಡಿದರು" ಎಂದು ಬೆರಳಿಟ್ಟು ತೋರಿಸಿ. ಲೆಕ್ಕ ಕಣ್ಣ ಮುಂದೆ ಇದ್ದರೆ ತವರಿನ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ನಿಮ್ಮದಾದ ಮೇಲೆ ಅತ್ತೆಯವರ ವೃದ್ಧಾಪ್ಯ ವೇತನದ ಪಾಸ್‌ಬುಕ್ಕನ್ನೂ ಒಂದು ಸಲ ನೋಡಿ. ಅವರಿಗೆ ಕಣ್ಣು ಮಂಜು, ಅಕ್ಷರ ಸಣ್ಣದು. ಅಲ್ಲಿ ಎಷ್ಟು ಸೊನ್ನೆ ಸುತ್ತಬೇಕಾಗುತ್ತದೋ ಯಾರಿಗೆ ಗೊತ್ತು!